ಅಕ್ಷರವಿಲ್ಲದ ಪರದೆ

ಸಪ್ಪೊರೊ
೬ ಮಾರ್ಚ್ ೧೯೯೪, ಭಾನುವಾರ

ಪ್ರೀತಿಯ ಕೋಹೇಯ್,

ಹೇಗಿದ್ದೀಯೋ? ಸೆತ್ಸುಯೊ ಸೊಂಟನೋವು ಕಡಿಮೆಯಾಯಿತಾ? ಊರವರ ಸೊಂಟವನ್ನೆಲ್ಲ ನೀವಿ ಸರಿಮಾಡುವ ನೀನು ಮನೆಯಾಕೆಯ ಸೊಂಟವನ್ನು ಮಾತ್ರ ಬಿಟ್ಟಿದ್ದೀಯ ಅಂತ ಹೋದ ವರ್ಷ ಅವಳು ದೂರು ಹೇಳಿದ್ದು ನೆನಪಿದೆ.

ನಿನ್ನ ಹೊಸ ವರ್ಷದ ಕಾರ್ಡು ಜನವರಿ ಎರಡನೇ ತಾರೀಕಿಗೇ ಬಂತು. ಇದು ನಾಯಿಯ ವರ್ಷ ಅಂತ ನಿನ್ನ ಮಗಳು ಮಿಚಿರು ಆಲೂಗಡ್ಡೆ ಕೊರೆದು ಒತ್ತಿದ ನಾಯಿಯ ಅಚ್ಚನ್ನು ಬೆರಳಲ್ಲಿ ನೋಡಿದೆ. ಬಣ್ಣ ಎಷ್ಟು ದಪ್ಪಗೆ ಹಚ್ಚಿದ್ದಾಳೆಂದರೆ ಬಾಲ ಚೆನ್ನಾಗಿ ಸಿಕ್ಕಿತು, ಕಿವಿ ಮಾತ್ರ ಒಂದೇ. ಎಂಟು ವರ್ಷದ ಹುಡುಗಿ ಇಬ್ಬರು ಕುರುಡರ ನಡುವೆ ಹೋಗಿಬರುವ ಕಾರ್ಡಿಗೆ ಬಣ್ಣ ಹಾಕುತ್ತಾಳಲ್ಲ, ಅದಕ್ಕೇ ಅವಳನ್ನು ಕಂಡರೆ ನನಗೆ ಇಷ್ಟ.

ಉತ್ತರ ಬರೆಯಲು ಎರಡು ತಿಂಗಳು ತೆಗೆದುಕೊಂಡೆ, ತಪ್ಪಾಯಿತು. ಹಿಮದ ನೆಪ ಹೇಳಬಹುದು. ಈ ವರ್ಷ ಬಿದ್ದ ಹಿಮಕ್ಕೆ ರಸ್ತೆಯ ಸದ್ದೆಲ್ಲ ಹತ್ತಿ ತುರುಕಿದ ಹಾಗಾಗಿ, ನಾನು ಎರಡು ಸಲ ನಮ್ಮ ಓಣಿಯನ್ನೇ ದಾಟಿಹೋಗಿದ್ದೇನೆ. ಆದರೆ ಹಿಮ ಬೆರಳನ್ನೇನೂ ಕಟ್ಟಿಹಾಕಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೇಸಿಗೆಯಾಗಿತ್ತು ಕಣೋ. ಆಫೀಸಿನ ಮೇಲೆ, ಅಲ್ಲಿಯ ಜನರ ಮೇಲೆ, ಒಳಗೆ ಹಾಕಿಕೊಳ್ಳಲು ಬಾಗಿಲಲ್ಲಿ ಅವರು ಕೊಡುವ ಚಪ್ಪಲಿಯ ಮೇಲೂ. ಹಲ್ಲುಜ್ಜಿದರೂ ಹೋಗದ ಒಂದು ರುಚಿ ಬಾಯಲ್ಲಿ ಕೂತಿತ್ತು. ಇವತ್ತು ಬೆಳಗಾಗೆದ್ದು ಹಲಗೆ, ಮೊಳೆ ಹುಡುಕಿ, ಬ್ರೈಲ್‌ನಲ್ಲಿ ಚುಚ್ಚಲು ಕೂತಿದ್ದೇನೆ. ಆರು ವರ್ಷ ಕೀಲಿಮಣೆ ಒತ್ತಿ ಒತ್ತಿ ಅಭ್ಯಾಸ ತಪ್ಪಿಹೋಗಿದೆ. ಚುಕ್ಕಿ ಅಡ್ಡಾದಿಡ್ಡಿಯಾಗಿದ್ದರೆ ಬಯ್ಯಬೇಡ.

ನನ್ನ ಕೆಲಸದ ಬಗ್ಗೆ ನಿನ್ನ ಮುಂದೆ ಎಷ್ಟೊಂದು ಜಂಬ ಕೊಚ್ಚಿಕೊಂಡಿದ್ದೇನೆ ಅಂತ ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. ಕುರುಡರ ಶಾಲೆ ಮುಗಿದಾಗ ತರಗತಿಯ ಉಳಿದ ಹನ್ನೊಂದು ಜನವೂ ಮಾಲೀಸಿಗೆ, ಸೂಜಿ ಚಿಕಿತ್ಸೆಗೆ ಹೋದಿರಿ. ನಾನೊಬ್ಬ ಬೇರೆ ದಾರಿ ಹುಡುಕಿ ಹುಡುಕಿ, ಕೊನೆಗೆ ಆರು ವರ್ಷದ ಹಿಂದೆ ಕಂಪ್ಯೂಟರ್ ಕಂಪನಿಗೆ ಬಂದೆ. ಸೆಸೆರಾಗಿಯನ್ನು ಪರೀಕ್ಷಿಸುವುದು ನನ್ನ ಕೆಲಸವಾಯಿತು. ಸೆಸೆರಾಗಿ ಅಂದರೆ ಬರವಣಿಗೆಯ ಪ್ರೋಗ್ರಾಂ ಅಂತ ನಿನಗೆ ಹೇಳಬೇಕಾಗಿಲ್ಲ, ನಿನಗೆ ಅದನ್ನು ಕಲಿಸಿದವನೇ ನಾನು. ಯಂತ್ರದ ಪಕ್ಕದಲ್ಲಿ ಮಾತಿನ ಪೆಟ್ಟಿಗೆ ಇಟ್ಟರೆ ಪರದೆಯ ಮೇಲೆ ಬಿದ್ದ ಪ್ರತಿಯೊಂದು ಅಕ್ಷರವನ್ನೂ ಅದು ಓದಿ ಹೇಳುತ್ತಿತ್ತು. ಒಂದೇ ಸದ್ದಿನ, ಬೇರೆ ಅರ್ಥದ ಎರಡು ಕಾಂಜಿ ಅಕ್ಷರಗಳಿದ್ದರೆ, 'ದಾಟುವ ಸೇತುವೆಯ ಹಶಿ', 'ಉಣ್ಣುವ ಕಡ್ಡಿಯ ಹಶಿ' ಅಂತ ಬಿಡಿಸಿ ಹೇಳುತ್ತಿತ್ತು. ಕಣ್ಣಿದ್ದವರು ಸಾಲಿನ ಮೇಲೆ ಜಾರಿ ಹೋಗುತ್ತಾರೆ. ನಾನು ಒಂದೊಂದೇ ಅಕ್ಷರ ಕೇಳುವವನು. ಸಾಲು ತುಂಬಿದ ಕಡೆ ಕೊನೆಯ ಅಕ್ಷರ ಎರಡು ಸಲ ಬೀಳುತ್ತಿದ್ದುದನ್ನು ಮೂರು ಜನ ಕಣ್ಣಿದ್ದವರು ದಾಟಿಸಿ ಕಳಿಸಿದ್ದರು, ಹಿಡಿದವನು ನಾನು. ನಮ್ಮ ವಿಭಾಗದ ಮುಖ್ಯಸ್ಥ ನುಕಾಗಾ ಆಗ ಬಂದವರಿಗೆಲ್ಲ "ಇದು ನಮ್ಮ ಉರಾನೊ-ಸಾನ್ ಕಿವಿ" ಅಂತ ನನ್ನ ಬೆನ್ನು ತಟ್ಟಿ ತೋರಿಸುತ್ತಿದ್ದ. ಮೇಳದಲ್ಲಿ ಹಸು ತೋರಿಸಿದ ಹಾಗೆ. ಆಗ ಅದು ನನಗೆ ಖುಷಿ ಕೊಡುತ್ತಿತ್ತು ಅನ್ನುವುದೇ ಈಗಿನ ಹೇಸಿಗೆ.

ಹೋದ ವರ್ಷ ಏಪ್ರಿಲ್‌ನಲ್ಲಿ ನುಕಾಗಾ ಎಲ್ಲರನ್ನೂ ಕೂಡಿಸಿ, ಇನ್ನು ಮುಂದೆ ಎಲ್ಲ ಚಿತ್ರದ ಪರದೆಯದೇ ಕಾಲ ಅಂದ. ಮೌಸ್ ಹಿಡಿದು, ಬೇಕಾದ್ದರ ಮೇಲೆ ಬಾಣ ಇಟ್ಟು ಒತ್ತುವ ಕಾಲ. ಸೆಸೆರಾಗಿಯನ್ನೂ ಅದಕ್ಕೆ ಒಗ್ಗಿಸಬೇಕು, ಡಿಸೆಂಬರ್ ಒಳಗೆ ಅಂಗಡಿಯಲ್ಲಿರಬೇಕು. ಆ ಕೆಲಸ ಮಿನೆಗಿಶಿ ಅನ್ನುವ ಹುಡುಗಿಗೆ ಬಿತ್ತು. ಇಪ್ಪತ್ತಾರು ವರ್ಷ, ಒಬಿಹಿರೊ ಕಡೆಯವಳು, ಯೋಚಿಸುವಾಗ ಪೆನ್ನಿನ ಮುಚ್ಚಳ ಕಚ್ಚುವವಳು. ಆ ಕಟಕಟ ಸದ್ದಿನಿಂದಲೇ ನನಗೆ ಅವಳ ಗುರುತು.

ಮೇ ತಿಂಗಳಲ್ಲಿ ಮೊದಲ ಪರೀಕ್ಷೆ. ನನ್ನ ಕೈಗೆ ಮೌಸ್ ಕೊಟ್ಟರು. ಒದ್ದೆ ಸಾಬೂನಿನ ತುಂಡಿನ ಹಾಗಿತ್ತು, ಎಲ್ಲಿ ಹೋಗುತ್ತಿದೆ ಅಂತ ಕೈಗೆ ತಿಳಿಯದು, ಎಲ್ಲಿ ನಿಂತಿದೆ ಅಂತ ಕಿವಿಗೆ ತಿಳಿಯದು. ಮಾತಿನ ಪೆಟ್ಟಿಗೆ ಯಂತ್ರ ಶುರುವಾದಾಗ ಎರಡು ಪದ ಹೇಳಿತು, ಆಮೇಲೆ ಬಾಯಿ ಮುಚ್ಚಿತು. ತಂತಿ ಸಡಿಲವಾಗಿದೆಯಾ ಅಂತ ನಾನು ಹಿಂದುಗಡೆ ತಡಕಾಡಿದೆ.

"ತಂತಿ ಸರಿಯಾಗಿದೆ, ಉರಾನೊ-ಸಾನ್," ಅಂದಳು ಮಿನೆಗಿಶಿ. ಮುಚ್ಚಳ ಕಚ್ಚುವ ಸದ್ದು ನಿಂತಿತ್ತು. "ಪೆಟ್ಟಿಗೆಗೆ ಓದೋಕೆ ಅಲ್ಲಿ ಅಕ್ಷರಗಳೇ ಇಲ್ಲ. ಇರೋದು ಅಕ್ಷರದ ಚಿತ್ರ ಅಷ್ಟೇ."

"ಹಾಗಾದ್ರೆ ನಾನು ಒತ್ತಿದ್ದು ಎಲ್ಲಿಗೆ ಹೋಯ್ತು?"

"ಒಳಗಡೆ ಇದೆ. ನಂಗೆ ಕಾಣಿಸ್ತಿದೆ. ನಿಮಗೆ ಹೇಳೋಕೆ ದಾರಿ ಇಲ್ಲ."

ನಾನು ಏನು ಒತ್ತಿದ್ದೆ ಗೊತ್ತಾ? ನನ್ನ ಹೆಸರು.

ಆ ಹುಡುಗಿಯನ್ನು ನಾನು ಬಯ್ಯಲಾರೆ. ಬೇಸಿಗೆಯುದ್ದಕ್ಕೂ ಊಟದ ವಿರಾಮದಲ್ಲಿ ಒಂದು ಕೈಯಲ್ಲಿ ಅನ್ನದ ಉಂಡೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಏನೋ ಬರೆಯುತ್ತಾ ಕೂತಳು. ಸೆಸೆರಾಗಿಯ ಒಳಗಿರುವ ಸಾಲನ್ನು ಪರದೆಯ ಗೊಡವೆಯೇ ಇಲ್ಲದೆ ನೇರ ಪೆಟ್ಟಿಗೆಗೆ ದಾಟಿಸುವ ಸಣ್ಣ ಕಾಲುವೆ ಅದು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ ಪೆಟ್ಟಿಗೆ ಬಾಯಿಬಿಟ್ಟು, ತಿಣುಕುತ್ತಾ, "ಉರಾನೊ ಶಿಗೆಹಾರು" ಅಂದಿತು. ನಾವಿಬ್ಬರೂ ಮೇಜು ಗುದ್ದಿ ನಕ್ಕೆವು. ಪಕ್ಕದ ಕೋಣೆಯವರು ಬಂದು ಏನಾಯಿತು ಅಂತ ಕೇಳಿದರು.

ಅದು ಬದುಕಿದ್ದು ಹದಿನೈದು ದಿನ. ಆ ಕಾಲುವೆಯಿಂದಾಗಿ ಪುಟ ಸರಿಯುವಾಗ ಪರದೆ ಒಂದಿಷ್ಟು ತಡವರಿಸುತ್ತಿತ್ತಂತೆ. ನುಕಾಗಾ ನಮ್ಮ ಮೇಜಿನ ಹತ್ತಿರ ಬಂದ. ಅವನು ಬರುವುದು ಮೊದಲೇ ಗೊತ್ತಾಗುತ್ತದೆ, ತಲೆಗೆ ಹಚ್ಚುವ ಪುದೀನ ಎಣ್ಣೆ, ಡಬ್ಬಿಯ ಕಾಫಿ, ಸಿಗರೇಟು, ಮೂರೂ ಸೇರಿದ ವಾಸನೆ.

"ಮಿನೆಗಿಶಿ-ಸಾನ್, ಪತ್ರಿಕೆಯವರು ಮೊದಲು ನೋಡೋದೇ ಪುಟ ಎಷ್ಟು ನುಣ್ಣಗೆ ಓಡುತ್ತೆ ಅಂತ. ಅದನ್ನ ತೆಗೆದುಬಿಡಿ."

"ಹಾಗೆ ತೆಗೆದ್ರೆ ಉರಾನೊ-ಸಾನ್‌ಗೆ..." ಅಂತ ಅವಳು ಶುರುಮಾಡಿದಳು.

ಅವನು ನನ್ನ ಕಡೆ ತಿರುಗಿದ. ಧ್ವನಿ ಒಮ್ಮೆಲೇ ಮೆತ್ತಗಾಯಿತು, ಕಾಯಿಲೆಯವರ ಹತ್ತಿರ ಮಾತಾಡುತ್ತಾರಲ್ಲ, ಹಾಗೆ. "ಉರಾನೊ-ಸಾನ್, ನೀವೇ ಹೇಳಿ. ಇಡೀ ದೇಶದಲ್ಲಿ ದೃಷ್ಟಿ ತೊಂದರೆ ಇದ್ದು ಇದನ್ನ ಬಳಸೋರು ಎಷ್ಟು ಜನ ಇದ್ದಾರು?"

"ಎಷ್ಟು ಅಂತ ಗೊತ್ತಿಲ್ಲ. ಇರೋರೆಲ್ಲ ಬರೆಯೋದು ಸೆಸೆರಾಗಿಯಲ್ಲೇ."

"ಮತ್ತೆ? ಹಳೇದನ್ನೇ ಬಳಸ್ಲಿ. ಯಾರು ಬೇಡ ಅಂದ್ರು?"

ಜನವರಿಯಿಂದ ಹಳೆಯದನ್ನು ಮಾರುವುದು ನಿಲ್ಲಿಸುತ್ತಾರೆ ಅಂತ ಅವನಿಗೆ ಆಗಲೇ ಗೊತ್ತಿತ್ತು. ಅಂಗಡಿಗೆ ಬರುವ ಹೊಸ ಯಂತ್ರಗಳ ಜೊತೆ ಹೊಸದನ್ನೇ ಕೊಡುತ್ತಾರೆ ಅಂತಲೂ ಗೊತ್ತಿತ್ತು.

ಇಲ್ಲಿಗೇ ನಿಂತಿದ್ದರೆ ನಾನು ಅವನನ್ನು ಬಯ್ದುಕೊಂಡು ಹಾಯಾಗಿರುತ್ತಿದ್ದೆ. ಆದರೆ ಪರೀಕ್ಷೆಯ ಕಾಗದದಲ್ಲಿ ಸಹಿಯ ಬದಲು ಪ್ರತಿಯೊಬ್ಬ ಪರೀಕ್ಷಕನ ಹೆಸರಿನ ಮುದ್ರೆ ಬೀಳಲೇಬೇಕು. ನನ್ನ ಜಾಗ ಖಾಲಿ ಬಿಟ್ಟರೆ ಮೇಲಿನವರು ಕೇಳುತ್ತಾರೆ. ಅದಕ್ಕೆ ನವೆಂಬರ್‌ನಲ್ಲಿ ಮೂರು ವಾರ ನನ್ನನ್ನು ಕೀಲಿ ಒತ್ತಲು ಕೂರಿಸಿದರು. ನಾನು ಒತ್ತಬೇಕು, ಪಕ್ಕದಲ್ಲಿ ಮಿನೆಗಿಶಿ ಪರದೆ ನೋಡಿ "ಬಂತು" ಅನ್ನಬೇಕು. ಒತ್ತಿದೆ, ಬಂತು. ಒತ್ತಿದೆ, ಬಂತು. ನಾನು ಬರೆದದ್ದನ್ನು ನಾನೇ ಓದಲಾಗದೆ ಮೂರು ವಾರ ಬರೆದೆ. ಕೊನೆಕೊನೆಗೆ ಬೇಕೆಂತಲೇ ನುಕಾಗಾನನ್ನು ಬಯ್ದು ಪುಟಗಟ್ಟಲೆ ಒತ್ತುತ್ತಿದ್ದೆ. ಮಿನೆಗಿಶಿ ಓದಿ ನಗಲಿಲ್ಲ. "ಬಂತು," ಅಂದಳು.

ಕಾಗದ ಸಿದ್ಧವಾಯಿತು. ನುಕಾಗಾ ಒಂದು ಸಾಲನ್ನೂ ಬಿಡದೆ ಓದಿ ಹೇಳಿದ, ಅದರಲ್ಲಿ ಅವನು ಮೋಸ ಮಾಡಲಿಲ್ಲ. ಕೊನೆಯ ಸಾಲು ಹೀಗಿತ್ತು: 'ದೃಷ್ಟಿ ತೊಂದರೆಯುಳ್ಳ ಪರೀಕ್ಷಕರಿಂದಲೂ ಪರೀಕ್ಷಿಸಲಾಗಿದೆ.' ಇದೇ ಮಾತು ಡಬ್ಬಿಯ ಮೇಲೂ ಅಚ್ಚಾಗುತ್ತದೆ ಅಂದ.

"ಪರೀಕ್ಷಿಸಿ ಏನು ಸಿಕ್ತು ಅಂತಾನೂ ಅಚ್ಚು ಹಾಕಿಸ್ತೀರಾ?" ಅಂತ ಕೇಳಿದೆ.

ಅವನು ನಕ್ಕ. "ಇದರಲ್ಲಿ ಸುಳ್ಳೇನಿದೆ, ಉರಾನೊ-ಸಾನ್? ನೀವು ಪರೀಕ್ಷಿಸಿದ್ದು ನಿಜ ತಾನೆ? ಏಪ್ರಿಲ್‌ನಲ್ಲಿ ವಿಭಾಗ ಚಿಕ್ಕದು ಮಾಡ್ತಾರಂತೆ. ನಿಮ್ಮ ಮೇಜು ಉಳಿಸಿಕೊಳ್ಳೋಕೆ ನನಗೂ ಏನಾದ್ರೂ ಆಧಾರ ಬೇಕಲ್ವಾ?"

ನನ್ನ ಮುದ್ರೆಯ ಹಿಡಿಯ ಮೇಲೆ ಒಂದು ಸಣ್ಣ ಗೀರು ಇದೆ, ಅದನ್ನು ಮೇಲೆ ಹಿಡಿದರೆ ಹೆಸರು ನೆಟ್ಟಗೆ ಬೀಳುತ್ತದೆ. ಗೀರು ಹುಡುಕಿ ಹಿಡಿದೆ. ನುಕಾಗಾ ನನ್ನ ಮಣಿಕಟ್ಟು ಹಿಡಿದು ಜಾಗಕ್ಕೆ ಒಯ್ದ. ಬೆವರಿನ ಕೈ. ಒಯ್ದದ್ದು ಅವನು, ಒತ್ತಿದ್ದು ನಾನು. ಚೆನ್ನಾಗಿ ಒತ್ತಿದೆ ಕೋಹೇಯ್, ಅಂಚು ಮಾಸದ ಹಾಗೆ. ಆ ಮೇಜು ಬಿಟ್ಟರೆ ಮತ್ತೆ ಎಲ್ಲಿಗೆ ಹೋಗಬೇಕಾಗುತ್ತದೆ ಅಂತ ಯೋಚಿಸಿದ್ದೆ. ನೀವೆಲ್ಲ ಇರುವಲ್ಲಿಗೆ. ಅದನ್ನು ಅವಮಾನ ಅಂದುಕೊಂಡಿದ್ದೆ.

ಡಿಸೆಂಬರ್‌ನಲ್ಲಿ ಬಿಡುಗಡೆಯ ಊಟ. ಮಧ್ಯಾಹ್ನ, ಬಿಯರ್ ಹಾಲ್‌ನಲ್ಲಿ, ಬಾಣಲೆಯ ಮೇಲೆ ಕುರಿಮಾಂಸ. ಬಟ್ಟೆಗೆಲ್ಲ ಕೊಬ್ಬಿನ ಹೊಗೆ ಮೆತ್ತಿಕೊಂಡಿತು. ನುಕಾಗಾ ನನ್ನನ್ನು ಎಬ್ಬಿಸಿ ನಿಲ್ಲಿಸಿ ಕೈಗೆ ಡಬ್ಬಿ ಕೊಟ್ಟ. ಚಪ್ಪಾಳೆ. ಕ್ಯಾಮೆರಾ ಕ್ಲಿಕ್ ಅಂದಿತು, ಯಾರೋ "ಇನ್ನೂ ಸ್ವಲ್ಪ ನಗಿ, ಉರಾನೊ-ಸಾನ್" ಅಂದರು. ನಕ್ಕೆ. ನನ್ನ ಪಕ್ಕ ಕೂತಿದ್ದ ಮಿನೆಗಿಶಿ ಒಂದು ತುಂಡೂ ಮುಟ್ಟಿರಲಿಲ್ಲ.

"ನಂಗೆ ವಾಕರಿಕೆ ಬರ್ತಿದೆ," ಅಂದಳು.

"ಕೊಬ್ಬು ಜಾಸ್ತಿಯಾಗಿದೆ."

"ನಾನಿನ್ನೂ ತಿಂದೇ ಇಲ್ಲ," ಅಂದಳು.

ಹೊಸ ವರ್ಷದ ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ರಾಜೀನಾಮೆ ಅಂಚೆಯಲ್ಲಿ ಬಂತು.

ಜನವರಿಯಲ್ಲಿ ನನ್ನ ಹಳೆಯ ಯಂತ್ರವನ್ನೂ ಮಾತಿನ ಪೆಟ್ಟಿಗೆಯನ್ನೂ ಒಯ್ದು ದಾಸ್ತಾನಿಗೆ ಹಾಕಿದರು. ಮೇಜು ಉಳಿಯಿತು, ಅವನು ಮಾತು ತಪ್ಪಲಿಲ್ಲ. ಮೇಜಿನ ಮೇಲೆ ಈಗ ಬರೀ ಟೆಲಿಫೋನು. ಗಿರಾಕಿಗಳು ಕರೆ ಮಾಡಿದರೆ ನಾನು ಉತ್ತರಿಸಬೇಕು. ಬಾಯಿಪಾಠ ಮಾಡಿಸಿದ ಮೂರು ವಾಕ್ಯ: ತಮಗಾದ ತೊಂದರೆಗೆ ವಿಷಾದಿಸುತ್ತೇವೆ. ತಮ್ಮ ಅಭಿಪ್ರಾಯವನ್ನು ಸಂಬಂಧಪಟ್ಟ ವಿಭಾಗಕ್ಕೆ ತಲುಪಿಸುತ್ತೇವೆ. ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸಲಾಗುವುದು.

ಕಣ್ಣಿದ್ದವರು ಕರೆ ಮಾಡಿದರೆ "ಆ ಮೂಲೇಲಿರೋದು", "ಆ ಕೆಂಪು ಗುರುತು" ಅನ್ನುತ್ತಾರೆ. ನಮ್ಮವರು ಅನ್ನುವುದಿಲ್ಲ. ಮೊದಲ ವಾಕ್ಯಕ್ಕೇ ನನಗೆ ಗೊತ್ತಾಗುತ್ತದೆ. ಅಸಾಹಿಕಾವಾದಿಂದ ನಿವೃತ್ತ ಮೇಷ್ಟ್ರೊಬ್ಬರು ಕರೆ ಮಾಡಿದ್ದರು: "ಮಗ ತಂದುಕೊಟ್ಟ ಕಣಪ್ಪ, ಮೂರು ದಿನದಿಂದ ಮೂಗನ ಹಾಗೆ ಕೂತಿದೆ. ನಾನೇ ಏನೋ ತಪ್ಪು ಒತ್ತಿದ್ದೀನಿ, ಹೇಳಿಕೊಡು." ತಪ್ಪು ತಮ್ಮದು ಅಂದುಕೊಂಡಿದ್ದರು! ಕುಶಿರೊದ ಒಬ್ಬಾಕೆ, ಮೀನು ಸಹಕಾರ ಸಂಘದಲ್ಲಿ ಕಾಗದ ಬರೆಯುವ ಕೆಲಸದವಳು, ಅತ್ತೇಬಿಟ್ಟಳು. ನಾನು ಮೂರು ವಾಕ್ಯ ಹೇಳಿದೆ. ಪಾಠ ಒಪ್ಪಿಸಿದ ಹಾಗೆ, ಉಸಿರೂ ಬದಲಾಗದೆ.

ಅವರ ಹೆಸರು, ಊರು, ನಂಬರನ್ನೆಲ್ಲ ಬ್ರೈಲ್‌ನಲ್ಲಿ ಬರೆದುಕೊಳ್ಳುತ್ತಾ ಬಂದೆ. ಫೆಬ್ರವರಿ ಹೊತ್ತಿಗೆ ನಾಲ್ಕು ಹಾಳೆಯಾಯಿತು. ಒಯ್ದು ನುಕಾಗಾ ಮುಂದೆ ನಿಂತು ಒಬ್ಬೊಬ್ಬರದೂ ಓದಿ ಹೇಳಿದೆ. ಕೊನೆವರೆಗೂ ಕೇಳಿದ, ಸುಳ್ಳು ಹೇಳಬಾರದು. "ಮೇಜಿನ ಮೇಲಿಟ್ಟು ಹೋಗಿ, ನೋಡ್ತೀನಿ," ಅಂದ. ಬ್ರೈಲ್ ಹಾಳೆಯನ್ನು ಅವನು ನೋಡುತ್ತಾನಂತೆ! ವಾರದ ಮೇಲೆ ವಾಪಸು ಕೇಳಲು ಹೋದಾಗ ಅವನಿರಲಿಲ್ಲ, ಮೇಜು ತಡಕಿದೆ. ನಾಲ್ಕೂ ಹಾಳೆ ಕಾಫಿ ಡಬ್ಬಿಯ ಅಡಿಯಲ್ಲಿದ್ದವು. ಅಂಟಂಟು ಒದ್ದೆ, ದುಂಡಗೆ ಒಂದು ತಗ್ಗು, ಆ ತಗ್ಗಿನೊಳಗೆ ಚುಕ್ಕಿಗಳೆಲ್ಲ ಚಪ್ಪಟೆ. ಮೇಷ್ಟ್ರ ಊರು ಉಳಿದಿತ್ತು, ಹೆಸರು ಹೋಗಿತ್ತು. ಕೈ ಎಷ್ಟು ತೊಳೆದೆನೋ, ಆ ಅಂಟು ಹೋಗಲೊಲ್ಲದು.

ಅವತ್ತೇ ರಾಜೀನಾಮೆ ಬರೆದೆ. ಬರೆದದ್ದು ಹೇಗೆ ಅಂತೀಯ? ನಾನು ಹೇಳಿದೆ, ಸ್ವಾಗತದ ಮೇಜಿನ ಹೆಂಗಸು ಬರೆದುಕೊಟ್ಟಳು. ಬರವಣಿಗೆಯ ಪ್ರೋಗ್ರಾಂ ಮಾಡುವ ಕಂಪನಿಯಲ್ಲಿ ಆರು ವರ್ಷ ಇದ್ದವನು, ಬಿಟ್ಟುಹೋಗುವ ಕಾಗದವನ್ನು ಇನ್ನೊಬ್ಬರ ಕೈಯಲ್ಲಿ ಬರೆಸಿದೆ. ನುಕಾಗಾ, "ಎಲ್ಲಾದ್ರೂ ಒಳ್ಳೇ ಕಡೆ ಸಿಕ್ಕಿತಾ?" ಅಂತ ಕೇಳಿದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಕೆಟ್ಟವನಾಗಿದ್ದರೆ ಚೆನ್ನಾಗಿತ್ತು. ಈ ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ.

ಮಿನೆಗಿಶಿ ಒಬಿಹಿರೊದಲ್ಲಿ ತಂದೆಯ ಬೀನ್ಸ್ ಗೋದಾಮಿನ ಅಟ್ಟದಲ್ಲಿ ಕೂತು ಆ ಕಾಲುವೆಯನ್ನು ಮೊದಲಿಂದ ಮತ್ತೆ ಬರೆಯುತ್ತಿದ್ದಾಳೆ. ಈ ಸಲ ಸೆಸೆರಾಗಿಯ ಹೊರಗಡೆ ನಿಂತು ಕೆಲಸ ಮಾಡುವ ಹಾಗೆ, ಯಾರ ಅಪ್ಪಣೆಯೂ ಬೇಡದ ಹಾಗೆ. ಅರ್ಧಂಬರ್ಧ ಆಗಿದೆ. ಸಾಲು ಓದುತ್ತದೆ, ಕಾಂಜಿ ಬಿಡಿಸಿ ಹೇಳುವಾಗ ಎಡವುತ್ತದೆ, ಒಮ್ಮೊಮ್ಮೆ ಸುಮ್ಮನಾಗಿಬಿಡುತ್ತದೆ. ನಾನು ಇಲ್ಲಿ ಮನೆಯ ಯಂತ್ರದಲ್ಲಿ ಪರೀಕ್ಷಿಸಿ ಫೋನಿನಲ್ಲಿ ತಪ್ಪು ಹೇಳುತ್ತೇನೆ, ಅವಳು ಅಲ್ಲಿ ಮುಚ್ಚಳ ಕಚ್ಚುತ್ತಾಳೆ. ಈ ಲಕೋಟೆಯಲ್ಲಿ ಅದರ ಒಂದು ಫ್ಲಾಪಿ ಇಟ್ಟಿದ್ದೇನೆ. ಹೇಗೆ ಹಾಕಬೇಕು ಅನ್ನುವುದನ್ನು ಬೇರೆ ಹಾಳೆಯಲ್ಲಿ ಚುಚ್ಚಿದ್ದೇನೆ.

ಹಿಮ ಕರಗುವವರೆಗೆ ಹುಷಾರು, ನಿಮ್ಮ ಬಿಸಿನೀರ ಬುಗ್ಗೆಯ ಊರಲ್ಲಿ ಮೆಟ್ಟಿಲು ಜಾಸ್ತಿ. ಸೆತ್ಸುಯೊಗೆ ನನ್ನ ನಮಸ್ಕಾರ ಹೇಳು. ಮಿಚಿರು ಏಪ್ರಿಲ್‌ನಿಂದ ಮೂರನೇ ತರಗತಿ ಅಲ್ಲವಾ? ಅವಳಿಗೆ ಒಳ್ಳೆಯ ಮೇಷ್ಟ್ರು ಸಿಗಲಿ, ಅವಳ ಬಣ್ಣ ಯಾವತ್ತೂ ಹೀಗೇ ದಪ್ಪಗಿರಲಿ. ನಿನ್ನ ಹೆಬ್ಬೆರಳುಗಳು ನೂರು ವರ್ಷ ಗಟ್ಟಿಯಾಗಿರಲಿ.

ನಿನ್ನ
ಶಿಗೆಹಾರು

ಮರೆತ ಮಾತು: ಮರೆತಿಲ್ಲ. ಇದನ್ನು ಬರೆಯದೆ ಲಕೋಟೆ ಮುಚ್ಚಬಹುದು ಅಂತ ಎರಡು ಸಲ ಅಂಟು ಹಚ್ಚಿದೆ.

ಫೆಬ್ರವರಿ ಹದಿನೈದು, ಮಂಗಳವಾರ, ಬೆಳಗ್ಗೆ ಹತ್ತೂವರೆಗೆ ಕರೆ ಮಾಡಿದವನು ನೀನು. ನಾನು ಕಂಪನಿಯ ಹೆಸರು ಹೇಳಿ "ಕರೆ ಮಾಡಿದ್ದಕ್ಕೆ ಧನ್ಯವಾದ" ಅಂದೆ. ನೀನು ಹೇಳಿದೆ: ಹಳೆಯ ಯಂತ್ರ ಬಿಸಿನೀರಿನ ಬುಗ್ಗೆಯ ಗಂಧಕಕ್ಕೆ ತುಕ್ಕು ಹಿಡಿದುಹೋಯಿತು, ಹೊಸದು ತಂದೆ, ಮಾತಾಡುತ್ತಿಲ್ಲ. ಮಗಳ ಶಾಲೆಗೆ ಚೀಟಿ ಬರೆಯುವುದು ನಿಂತುಹೋಗಿದೆ, ಈಗ ಅವಳೇ ಬರೆದು ಅವಳೇ ಅಪ್ಪನ ಮುದ್ರೆ ಒತ್ತುತ್ತಾಳೆ. "ಡಬ್ಬಿ ಮೇಲಿನ ಸಾಲು ಅಂಗಡೀಲಿ ಮಗಳು ಓದಿ ಹೇಳಿದ್ಲು. ಪರೀಕ್ಷೆ ಮಾಡಿದವರು ನನಗೆ ಗೊತ್ತಿರೋರು. ಅದಕ್ಕೇ ಬೇರೆ ಯಾರನ್ನೂ ಕೇಳ್ಲಿಲ್ಲ," ಅಂದೆ ನೀನು.

ಹತ್ತಿರ ಯಾರೂ ಇರಲಿಲ್ಲ ಕೋಹೇಯ್. ನುಕಾಗಾ ಊರಲ್ಲೇ ಇರಲಿಲ್ಲ. "ಲೋ, ನಾನು ಕಣೋ" ಅನ್ನಬಹುದಿತ್ತು. ಧ್ವನಿಯನ್ನು ಒಂದಿಷ್ಟು ತಗ್ಗಿಸಿ, ಮೂಗಿನಲ್ಲಿ ಎಳೆದು, ಮೂರು ವಾಕ್ಯ ಹೇಳಿದೆ.

ಆರು ವರ್ಷದ ಹುಡುಗರಾಗಿದ್ದಾಗ ಶಾಲೆಯ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಮಲಗಿದವರು ನಾವು. ನಾನು ಕೆಮ್ಮಿದರೂ ಅದು ನಾನೇ ಅಂತ ನಿನಗೆ ಗೊತ್ತಾಗುತ್ತದೆ. ಗೊತ್ತಾಯಿತು ಅಂತ ನನಗೂ ಗೊತ್ತಾಯಿತು. ನೀನು ಜಗಳ ಮಾಡಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ. "ಸರಿ. ತಾವು ಹೇಳಿದ್ದು ತಿಳೀತು. ತಮಗೆ ತೊಂದರೆ ಕೊಟ್ಟೆ," ಅಂದು ಮೆಲ್ಲಗೆ ಫೋನ್ ಇಟ್ಟೆ.

ಮೂವತ್ತು ವರ್ಷದಲ್ಲಿ ನೀನು ನನ್ನನ್ನು 'ತಾವು' ಅಂದದ್ದು ಅದೊಂದೇ ಸಲ. ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ. ಬಯ್ಯಬೇಕೆನಿಸಿದರೆ ಬಯ್ದು ಬರೆ, ಎಷ್ಟು ಹಾಳೆ ಬೇಕಾದರೂ. ಆದರೆ 'ನೀನು' ಅಂತಲೇ ಬೈ.